ಕೆ ಎ ಎಲ್ ಎಲ್ ಎ

ಕಂಪ್ಯೂಟರ್ ಕಲಿತು ಆಫೀಸುಗಳಿಗೆ ಹೊಸದಾಗಿ ಸೇರಿದ ಹುಡುಗಿಯರು ಗುಂಡ್ಲುಪೇಟೆಯ ನಮ್ಮ ಮನೆಗೆ ಆಗಾಗ ಬರುತ್ತಾರೆ. ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಮೇಡಂ, ನಿಮ್ಮ ಕಾಲದಲ್ಲಿ ಮೌಸೇ ಇರಲಿಲ್ಲವಂತೆ, ಹೌದಾ?’ ಇತ್ತಮ್ಮ, ಕಾಗದದ ಕೋಣೆಯಲ್ಲಿ ಬೇಕಾದಷ್ಟು ಇತ್ತು, ಬೆಳಿಗ್ಗೆ ಹೋಗಿ ನೋಡಿದರೆ ಪ್ರಿಂಟರಿನ ಕಾಗದದ ಅಂಚನ್ನೆಲ್ಲ ಕಡಿದು ಹಾಕಿರುತ್ತಿತ್ತು ಎನ್ನುತ್ತೇನೆ. ನಗುತ್ತಾರೆ. ನಕ್ಕ ಮೇಲೆ ಕೆಲಸದ ಮಾತು ಕೇಳುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಹೇಳಿ ಅವರ ಹೊತ್ತು ಹಾಳುಮಾಡುವ ಆಸೆ ನನಗಿಲ್ಲ. ನಾನು ಹೇಳುವುದು ಒಂದೇ ಸಂಗತಿ. ಪ್ರಿಂಟ್ ಆದ ಹಾಳೆಯನ್ನು ಯಾರ ಕೈಗಾದರೂ ಕೊಡುವ ಮುಂಚೆ ಅದರ ನೆತ್ತಿ ನೋಡಿ. ಒಳಗಿನ ವಿಷಯವನ್ನು ನೀವೇ ಟೈಪ್ ಮಾಡಿರುತ್ತೀರಿ, ಅದು ನಿಮಗೆ ಗೊತ್ತು. ನೆತ್ತಿಯ ಮೇಲೆ ಯಂತ್ರ ತಾನಾಗಿ ಏನು ಬರೆದಿದೆ ಎನ್ನುವುದು ಗೊತ್ತಿರುವುದಿಲ್ಲ. ಹೀಗೆಂದಾಗ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಚಾಮರಾಜನಗರದ ಹೊರಗೆ, ಬದನಗುಪ್ಪೆ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ರೇಷ್ಮೆ ನೂಲಿನ ಮಿಲ್ಲಿನಲ್ಲಿ. ಹೆಸರು ಬೇಡ, ಈಗ ಆ ಮಿಲ್ಲೂ ಇಲ್ಲ. ಮಾಲೀಕರು ಕೊಯಮತ್ತೂರಿನವರು, ಕನ್ನಡ ಓದಲು ಬಾರದವರು. ಹಾಗಾಗಿ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲೇ ಆಗಬೇಕಿತ್ತು. ನಾನು ಸೇರಿದ್ದು ಟೈಪಿಸ್ಟ್ ಆಗಿ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಹಾಜರಿ ಹಾಕಿ, ಟೈಪ್‌ರೈಟರಿನ ಮುಂದೆ ಕೂತರೆ ಸಂಜೆಯವರೆಗೆ ತಲೆ ಎತ್ತುವಂತಿರಲಿಲ್ಲ. ತೊಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಕೊಯಮತ್ತೂರಿನ ಲಾರಿಯಲ್ಲಿ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಜೊತೆಗೆ ಮಂಚದಷ್ಟು ಅಗಲದ ಪ್ರಿಂಟರು. ಅದು ಅಚ್ಚು ಹಾಕುವಾಗ ಪಕ್ಕದಲ್ಲಿದ್ದವರ ಮಾತು ಕೇಳಿಸುತ್ತಿರಲಿಲ್ಲ. ಕಲಿಸಲು ಬಂದ ಇಂಜಿನಿಯರು ಒಂದಷ್ಟು ಆಜ್ಞೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟು, ‘ಹೆದರಬೇಡಿ, ಇದು ನೀವು ಹೇಳಿದ್ದನ್ನೇ ಮಾಡುತ್ತದೆ’ ಎಂದು ಹೇಳಿ ಹೊರಟುಹೋದ. ಅಪ್ಪಟ ಸುಳ್ಳು. ಅದು ನಾವು ಹೇಳಿದ್ದರ ಜೊತೆಗೆ ಹೇಳದೇ ಇದ್ದದ್ದನ್ನೂ ಮಾಡುತ್ತಿತ್ತು.

ಆಗ ಪ್ರಿಂಟ್ ಎಂಬ ಗುಂಡಿ ಇರಲಿಲ್ಲ. ಎಲ್ ಪಿ ಎಂದು ಟೈಪ್ ಮಾಡಿ ಫೈಲಿನ ಹೆಸರು ಕೊಟ್ಟರೆ ಅದು ಪ್ರಿಂಟರಿಗೆ ಹೋಗುತ್ತಿತ್ತು. ಆದರೆ ಎಲ್ ಪಿಗೆ ಹಾಳೆ ಎಲ್ಲಿ ಮುಗಿಯುತ್ತದೆ ಎಂಬ ಜ್ಞಾನವಿಲ್ಲ. ಎರಡೂ ಅಂಚಿಗೆ ತೂತಿದ್ದ ಉದ್ದನೆಯ ಕಾಗದ, ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ಹರಿಯಲು ಗೆರೆ. ನಾನು ಮೊದಲ ಸಲ ಕಳಿಸಿದ ಕಾಗದದಲ್ಲಿ ಒಂದು ಸಾಲು ಸರಿಯಾಗಿ ಆ ಗೆರೆಯ ಮೇಲೆ ಕೂತಿತ್ತು. ಹರಿದಾಗ ಅಕ್ಷರಗಳೆಲ್ಲ ಸೊಂಟದಲ್ಲಿ ತುಂಡಾದವು. ಆಡಳಿತಾಧಿಕಾರಿ ಶ್ರೀಪತಿಯವರು ಎರಡು ಹಾಳೆಯನ್ನೂ ಒಂದಕ್ಕೊಂದು ಜೋಡಿಸಿ ಹಿಡಿದು, ‘ಇದನ್ನು ಓದೋದಕ್ಕೆ ಇಬ್ಬರು ಬೇಕೇನಮ್ಮ?’ ಎಂದರು.

ಇನ್ನೊಂದು ಆಜ್ಞೆ ಎನ್ ರಾಫ್. ಸಾಲುಗಳ ಎರಡೂ ಅಂಚನ್ನು ಸಮ ಮಾಡಿ ಚೆಂದವಾಗಿ ಕೊಡುತ್ತಿತ್ತು. ಅದಕ್ಕೊಂದು ಚಾಳಿ. ಯಾವುದಾದರೂ ಸಾಲು ಚುಕ್ಕಿಯಿಂದ ಶುರುವಾದರೆ, ಅದು ತನಗೆ ಕೊಟ್ಟ ಅಪ್ಪಣೆ ಎಂದುಕೊಂಡು ಆ ಸಾಲನ್ನೇ ನುಂಗಿಬಿಡುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಕ್ಯಾಂಟೀನಿನ ನೋಟೀಸಿನಲ್ಲಿ ಅರ್ಧ ಲೀಟರ್ ಹಾಲು ಎನ್ನುವುದನ್ನು ಚುಕ್ಕಿ ಐದು ಎಂದು ಸಾಲಿನ ಮೊದಲಿಗೇ ಹೊಡೆದಿದ್ದೆ. ನೂಲು ಹುರಿ ಮಾಡುವ ವಿಭಾಗದ ಹಾಲು ಮಾಯ. ಅಲ್ಲಿನ ಹೆಂಗಸರು ಬರಿ ಕಾಫಿ ಡಿಕಾಕ್ಷನ್ನಿನ ಲೋಟ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಆಮೇಲೆ ನಾನು ಎನ್ ರಾಫ್ ಸಹವಾಸ ಬಿಟ್ಟು ಪಿ ಆರ್ ಹಿಡಿದೆ.

ಪಿ ಆರ್ ಸಾಧು ಆಜ್ಞೆ. ಪಿ ಆರ್ ಎಂದು ಹೊಡೆದು, ಫೈಲಿನ ಹೆಸರು ಕೊಟ್ಟು, ಅಲ್ಲಿಂದ ಎಲ್ ಪಿಗೆ ದಾಟಿಸಿದರೆ ಮುಗಿಯಿತು. ವಿಷಯವನ್ನು ಹಾಳೆ ಹಾಳೆಯಾಗಿ ಬಿಡಿಸಿ, ಮೇಲೆ ಕೆಳಗೆ ಜಾಗ ಬಿಟ್ಟು, ಪ್ರತಿ ಹಾಳೆಯ ನೆತ್ತಿಯ ಮೇಲೆ ಒಂದು ಸಾಲು ತಾನಾಗಿ ಹಾಕುತ್ತಿತ್ತು. ಮೊದಲು ತಾರೀಕು, ಆಮೇಲೆ ಫೈಲಿನ ಹೆಸರು, ಕೊನೆಗೆ ಪುಟದ ಸಂಖ್ಯೆ. ಶ್ರೀಪತಿಯವರಿಗೆ ಆ ಸಾಲು ಬಹಳ ಹಿಡಿಸಿತು. ದೊಡ್ಡ ಬ್ಯಾಂಕಿನ ಕಾಗದದ ಹಾಗೆ ಗತ್ತಾಗಿ ಕಾಣುತ್ತದೆ ಎಂದು ಸಂತೋಷಪಟ್ಟರು. ಪಿ ಆರ್ ಮಾಡದ ಒಂದು ಹಾಳೆಯೂ ಈ ಆಫೀಸಿನಿಂದ ಹೊರಗೆ ಹೋಗಬಾರದು ಎಂದು ಅಪ್ಪಣೆಯನ್ನೂ ಮಾಡಿದರು. ಅವರು ಮೈಸೂರಿನವರು, ಇಸ್ತ್ರಿಯ ಗೆರೆ ಮುರಿಯದಂತೆ ಕೂರುವವರು, ಒಂದು ಸಲ ಹೇಳಿದ ಮಾತನ್ನು ಬದಲಿಸುವುದು ಅವಮಾನ ಎಂದು ತಿಳಿದವರು.

ಫೈಲಿಗೆ ಇಡುವ ಹೆಸರು ಮಾತ್ರ ನನಗೇ ಬಿಟ್ಟದ್ದು. ಯಂತ್ರ ಉದ್ದದ ಹೆಸರನ್ನು ಒಪ್ಪುತ್ತಿರಲಿಲ್ಲ, ನನಗೂ ಉದ್ದ ಹೊಡೆಯುವ ಚಪಲವಿಲ್ಲ. ಮಿಲ್ಲಿನಲ್ಲಿ ಯಾರನ್ನು ಹೇಗೆ ಚಿಕ್ಕದಾಗಿ ಕರೆಯುತ್ತಿದ್ದರೋ ಹಾಗೇ ಇಡುತ್ತಿದ್ದೆ. ಪುಟ್ಟಸ್ವಾಮಿ ಪುಟ್ಟ, ಮಾದಪ್ಪ ಮಾದ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಭಾಷೆಯಲ್ಲಿ ಲ ಬೇರೆ, ಳ ಬೇರೆ. ಇಂಗ್ಲಿಷಿನವರಿಗೆ ಎರಡಕ್ಕೂ ಎಲ್ ಒಂದೇ. ಇದರಿಂದ ಒಬ್ಬ ಮನುಷ್ಯನ ಬದುಕು ಬುಡಮೇಲಾಗಬಹುದು ಎಂದು ಯಾರಿಗೆ ಹೊಳೆಯುತ್ತದೆ?

ಆ ಮನುಷ್ಯ ಕಲ್ಲಯ್ಯ. ಹರದನಹಳ್ಳಿಯವನು. ನೂಲಿನ ಸ್ಟೋರಿನಲ್ಲಿ ಕಟ್ಟುಗಳನ್ನು ಎತ್ತಿ ಇಡುವ ಕೆಲಸ. ದೊಡ್ಡವರು ಕಲ್ಲ ಎನ್ನುತ್ತಿದ್ದರು, ನಮ್ಮಂಥವರು ಕಲ್ಲಣ್ಣ ಎನ್ನುತ್ತಿದ್ದೆವು. ಪ್ರಿಂಟರಿಗೆ ಕಾಗದದ ಪೆಟ್ಟಿಗೆ ಬೇಕಾದಾಗ ಹೊತ್ತು ತರುತ್ತಿದ್ದವನು ಅವನೇ. ತಂದು ಇಳಿಸಿ, ‘ಮಣ್ಯಮ್ಮ, ನಿಮ್ಮ್ ಎಮ್ಮೆಗೆ ಮೇವು ತಂದಿವ್ನಿ, ಒಟ್ಟೆ ತುಂಬ ತಿನ್ನುಸ್ಬುಡಿ’ ಎನ್ನುತ್ತಿದ್ದ. ನನ್ನ ಹೆಸರು ನಾಗಮಣಿ. ಅವನ ಬಾಯಲ್ಲಿ ಮಣ್ಯಮ್ಮ.

ಒಂದು ದಿನ ಸ್ಟೋರಿನಲ್ಲಿ ರೇಷ್ಮೆ ನೂಲಿನ ಒಂದು ಕಟ್ಟು ಕಾಣೆಯಾಯಿತು. ಕಾವಲುಗಾರ ಮಾದಪ್ಪ, ಕಲ್ಲ ಕಂಕುಳಲ್ಲಿ ಏನೋ ಇಟ್ಟುಕೊಂಡು ಹಿಂದಿನ ಬೇಲಿ ಕಡೆ ಹೋದದ್ದನ್ನು ಕಂಡೆ ಎಂದು ಹೇಳಿಕೆ ಕೊಟ್ಟ. ಕಲ್ಲಣ್ಣನನ್ನು ಅಮಾನತು ಮಾಡಿದರು. ವಿಚಾರಣೆ ನಡೆಸಲು ಮೈಸೂರಿನಿಂದ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕರೆಸಿದರು. ವಯಸ್ಸಾದವರು, ನಿಧಾನದವರು, ಎದುರಿನವರ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯುವವರು. ಅವರು ಕನ್ನಡದಲ್ಲಿ ಕೇಳಿ, ಇಂಗ್ಲಿಷಿನಲ್ಲಿ ಹೇಳಿ ಬರೆಸುತ್ತಿದ್ದರು. ನಾನು ಟೈಪ್ ಮಾಡಿ ಪ್ರಿಂಟ್ ಕೊಡಬೇಕು. ಅದರ ಒಂದು ಪ್ರತಿಯನ್ನು ಆಪಾದಿತ ಮನೆಗೆ ಒಯ್ದು, ಓದಿಸಿಕೊಂಡು, ಮುಂದಿನ ವಿಚಾರಣೆಗೆ ಬಂದಾಗ ಸಹಿ ಹಾಕಬೇಕು. ತಪ್ಪು ಸಾಬೀತಾದರೆ ಕೆಲಸ ಹೋಯಿತು, ಕಳ್ಳ ಎಂಬ ಹಣೆಪಟ್ಟಿಯೂ ಬಂತು. ಹಣೆಪಟ್ಟಿ ಬಂದವನನ್ನು ಆ ಸುತ್ತಿನ ಯಾವ ಮಿಲ್ಲೂ ಸೇರಿಸುತ್ತಿರಲಿಲ್ಲ.

ಮೊದಲ ದಿನ ಮಾದಪ್ಪನ ಹೇಳಿಕೆ ಆಯಿತು. ಕಲ್ಲಣ್ಣ ತಲೆ ತಗ್ಗಿಸದೆ ಕೂತಿದ್ದ. ಅವನು ಮಾದಪ್ಪನನ್ನು ಪ್ರಶ್ನೆ ಮಾಡುವ ಸರದಿ ಮುಂದಿನ ವಿಚಾರಣೆಗೆ ಇತ್ತು. ಹೋಗುವಾಗ ಪ್ರತಿಯನ್ನು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡು, ‘ನಾಳ್ದು ನಾನೂ ಒಂದೆರಡು ಕೇಳುವ್ನಿ ಬುಡಿ ಮಾದಪ್ಪುನ್ನ’ ಎಂದು ಹೇಳಿಯೇ ಹೋಗಿದ್ದ.

ಮುಂದಿನ ವಿಚಾರಣೆಯ ದಿನ ಬಂದವನು ಬೇರೆಯೇ ಮನುಷ್ಯ. ಸಹಿಗೆ ಹಾಳೆ ಮುಂದಿಟ್ಟರೆ ಕೈ ಮುಂದೆ ಬರಲಿಲ್ಲ. ನ್ಯಾಯಾಧೀಶರು ಯಾಕಪ್ಪ ಎಂದು ಕೇಳಿದರು.

‘ನಾನು ಸೈನ್ ಆಕಲ್ಲ ಸ್ವಾಮಿ.’

‘ಇದರಲ್ಲಿ ಏನಾದರೂ ತಪ್ಪಿದೆಯಾ?’

‘ನಾನೇನೂ ಯೋಳಲ್ಲ. ಕೇಳದೂ ಇಲ್ಲ. ಎಲ್ಲ ಆಗೋಗದೆ, ಇನ್ನೇನ್ ಕೇಳನ.’

ಶ್ರೀಪತಿಯವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ‘ಸಾರ್, ಸಹಕರಿಸೋದಿಲ್ಲ ಅಂತ ಅವನೇ ಹೇಳಿದ್ದಾನೆ. ಹಾಗೇ ಬರೆಸಿ. ಏಕಪಕ್ಷೀಯವಾಗಿ ಮುಗಿಸಿಬಿಡಬಹುದು’ ಎಂದರು. ಏಕಪಕ್ಷೀಯ ಎಂದರೆ ಅವನ ಮಾತು ಕೇಳದೆ, ಇದ್ದಷ್ಟರ ಮೇಲೆ ತೀರ್ಮಾನ. ಇದ್ದಷ್ಟು ಎಂದರೆ ಮಾದಪ್ಪನ ಹೇಳಿಕೆ ಒಂದೇ. ನ್ಯಾಯಾಧೀಶರು ಗಡಿಯಾರ ನೋಡಿದರು. ‘ಊಟ ಆಗಲಿ. ಆಮೇಲೂ ಹೀಗೇ ಅಂದರೆ ಬರೆಸುತ್ತೇನೆ’ ಎಂದು ಎದ್ದರು. ನನ್ನ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತ್ತು. ಆ ಒಂದು ವಾಕ್ಯವನ್ನು ಟೈಪ್ ಮಾಡಿದರೆ ಕಲ್ಲಣ್ಣನ ಕಥೆ ಮುಗಿಯಿತು.

ನಾನು ಊಟದ ಡಬ್ಬಿ ತೆಗೆಯಲಿಲ್ಲ. ಸ್ಟೋರಿನ ಹಿಂದಿನ ಹೊಂಗೆಮರದ ಕೆಳಗೆ ಅವನು ಒಬ್ಬನೇ ಕೂತಿದ್ದ. ಹೋಗಿ, ‘ಇದೇನಣ್ಣ ಹಿಂಗೆ ಮಾಡ್ತಿದ್ದೀಯ, ಮಾತಾಡ್ದೆ ಇದ್ರೆ ಮುಗುಸ್ಬುಡ್ತರೆ’ ಎಂದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ.

‘ಮುಗ್ಸವ್ರಲ್ಲ ಕಣಮ್ಮಿ. ನೀನೇ ಮುಗ್ಸಿದ್ದೀಯಲ್ಲ.’

ಅದುವರೆಗೆ ಅವನು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಅವನು ಅಂಗಿಯ ಒಳಗಿನಿಂದ ಹಾಳೆಗಳನ್ನು ತೆಗೆದು ನನ್ನ ಮುಂದೆ ಹಿಡಿದ. ಪ್ರತಿ ಹಾಳೆಯ ನೆತ್ತಿಯ ಮೇಲೂ ಬೆರಳಿಟ್ಟು ತೋರಿಸಿದ. ತಾರೀಕು. ಪಕ್ಕದಲ್ಲಿ ಕೆ ಎ ಎಲ್ ಎಲ್ ಎ. ಪುಟ ಒಂದು. ಮತ್ತೆ ಕೆ ಎ ಎಲ್ ಎಲ್ ಎ. ಪುಟ ಎರಡು.

‘ನನ್ ಮಗ್ಳು ರಾಜಿ ಐಸ್ಕೂಲು. ಓದವ್ವ ಅಂದಿ. ಮೊದುಲ್ನೆ ಸಾಲೇ ನಿಲ್ಲುಸ್ಬುಟ್ಲು. ಅಪ್ಪ, ಮೇಲ್ಗಡೆ ಕಳ್ಳ ಅಂತ ಬರ್ದವ್ರೆ ಅಂದ್ಲು. ಎಲ್ಲ ಆಳೆಲೂ ಅದೇ ಅದೆ ಅಂದ್ಲು. ಆಮೇಕೆ ನನ್ ಮಕ ನೋಡ್ನಿಲ್ಲ. ಅವತ್ನಿಂದ ಸ್ಕೂಲ್ಗೂ ಓಗಿಲ್ಲ, ನನ್ ಜೊತೆ ಮಾತೂ ಆಡಿಲ್ಲ.’

‘ಅಣ್ಣ, ಅದು ಕಳ್ಳ ಅಲ್ಲ. ಅದು ನಿನ್ ಹೆಸ್ರು. ಕಲ್ಲ. ಫೈಲ್ಗೆ ನಾನಿಟ್ಟಿದ್ದ ಹೆಸ್ರು. ಮಿಷನ್ನು ತಾನಾಗೇ ಮೇಲೆ ಆಕ್ತದೆ.’

ಅವನು ಆ ಸಾಲಿನ ಕೊನೆಯವರೆಗೂ ಬೆರಳು ಎಳೆದ. ಆಮೇಲೆ, ‘ನನ್ನೆಸ್ರು ಕಲ್ಲಯ್ಯ. ಅಯ್ಯ ಎಲ್ಲದೆ ಇದ್ರಲ್ಲಿ?’ ಎಂದು ಕೇಳಿದ.

ಬಾಯಲ್ಲಿ ಕಲ್ಲಣ್ಣ ಎಂದಾಗ ಆ ಅಣ್ಣದಲ್ಲಿ ಒಂದು ಮರ್ಯಾದೆ ಇರುತ್ತದೆ. ಯಂತ್ರಕ್ಕೆ ಹೊಡೆಯುವಾಗ ಅದನ್ನೂ ಬಿಟ್ಟಿದ್ದೆ. ಆದರೂ ಇದು ನನ್ನ ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಾನು ಇಟ್ಟದ್ದು ಹೆಸರು. ಅದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಎತ್ತಿ ತೋರಿಸಲು ನಾನು ಹೇಳಿರಲಿಲ್ಲ. ಅಂಥ ಯಂತ್ರದ ಮೇಲೂ, ಪಿ ಆರ್ ಇಲ್ಲದೆ ಹಾಳೆ ಹೊರಗೆ ಹೋಗಬಾರದು ಎಂದ ಅಪ್ಪಣೆಯ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನೆಟ್ಟಗೆ ಶ್ರೀಪತಿಯವರ ಕೋಣೆಗೆ ಹೋದೆ. ಅವರು ಮೊಸರನ್ನ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ವಿಷಯ ಹೇಳಿದೆ. ಜಡ್ಜ್ ಸಾಹೇಬರಿಗೆ ಹೇಳಿ, ನೆತ್ತಿಯ ಸಾಲು ತೆಗೆದು ಮತ್ತೆ ಪ್ರಿಂಟ್ ಕೊಟ್ಟರೆ ಅವನು ಮಾತಾಡುತ್ತಾನೆ ಎಂದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ನೆತ್ತಿಯನ್ನು ನೋಡಿದರು. ಅವರ ಮುಖ ಬಿಳುಚಿಕೊಂಡಿತು, ಆಮೇಲೆ ಗಟ್ಟಿಯಾಯಿತು.

‘ಇದನ್ನು ಯಾರ ಮುಂದೆಯೂ ಎತ್ತಬೇಡಿ’ ಎಂದರು. ‘ವಿಚಾರಣೆಗೆ ಮುಂಚೆಯೇ ಕಳ್ಳ ಅಂತ ಬರೆದಿದ್ದೀವಿ ಅಂತಾಗುತ್ತೆ. ಇಡೀ ವಿಚಾರಣೆ ಬಿದ್ದುಹೋಗುತ್ತೆ. ಕೊಯಮತ್ತೂರಿನವರು ನನ್ನನ್ನು ಕೇಳ್ತಾರೆ.’

‘ಸಾರ್, ಅವನ ಕೆಲಸ ಹೋಗುತ್ತೆ.’

‘ಬಾಯಿ ಮುಚ್ಚಿಕೊಂಡು ಕೂರು ಅಂತ ಅವನಿಗೆ ನಾನು ಹೇಳಿದ್ದೀನಾ? ಕೇಳಿ ನಾಗಮಣಿ. ಆ ಫೈಲಿಗೆ ಹೆಸರಿಟ್ಟದ್ದು ನೀವು. ಇದು ಹೊರಗೆ ಬಂದರೆ ಮೊದಲು ಹೋಗೋದು ನಿಮ್ಮ ಕೆಲಸ.’

ಹೊರಗೆ ಬಂದು ಯಂತ್ರದ ಮುಂದೆ ಕೂತೆ. ನನ್ನ ಯಜಮಾನರಿಗೆ ಆಗ ಕಾಯಂ ಕೆಲಸವಿರಲಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದರು. ಸುಮ್ಮನಿದ್ದರೆ ನನಗೇನೂ ಆಗುವುದಿಲ್ಲ. ಹೆಸರು ಕಳ್ಳ ಅಲ್ಲ, ಕಲ್ಲ ಎಂದು ನಾನು ಎಷ್ಟು ಹೇಳಿದರೂ ಅದಕ್ಕೆ ಸಾಕ್ಷಿ ಏನು? ಅಕ್ಷರಗಳು ಎರಡಕ್ಕೂ ಒಂದೇ. ಪರದೆಯ ಮೇಲೆ ಹಿಂದಿನ ವಾರದ ಕೆಲಸಗಳನ್ನು ನೋಡುತ್ತಾ ಹೋದೆ. ಒಂದು ಫೈಲಿನ ಹೆಸರಿನ ಮೇಲೆ ಕಣ್ಣು ನಿಂತಿತು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇದನ್ನು ಬಾಯಿ ಬಿಟ್ಟು ಹೇಳಿದರೆ ಶ್ರೀಪತಿಯವರು ನನ್ನನ್ನು ಉಳಿಸುವುದಿಲ್ಲ ಎಂದು ಗೊತ್ತಾಯಿತು.

ಊಟದ ನಂತರ ಎಲ್ಲರೂ ಕೂತರು. ನ್ಯಾಯಾಧೀಶರು ಕಲ್ಲಣ್ಣನನ್ನು ಇನ್ನೊಂದು ಸಲ ಕೇಳಿದರು. ಅವನು ಗೋಡೆ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದ. ‘ಸರಿ, ಬರೆದುಕೊಳ್ಳಿ’ ಎಂದು ನನ್ನ ಕಡೆ ತಿರುಗಿದರು. ನಾನು ಟೈಪ್ ಮಾಡಲಿಲ್ಲ. ಎದ್ದು ನಿಂತೆ.

‘ಸಾರ್, ಅವರು ಯಾಕೆ ಸಹಿ ಹಾಕುತ್ತಿಲ್ಲ ಅಂತ ನನಗೆ ಗೊತ್ತು’ ಎಂದೆ. ಹಾಳೆಯ ನೆತ್ತಿಯನ್ನು ತೋರಿಸಿ, ಕಲ್ಲಣ್ಣನ ಮಗಳು ಅದನ್ನು ಏನೆಂದು ಓದಿದಳು, ಯಂತ್ರ ಅದನ್ನು ಹೇಗೆ ತಾನಾಗಿ ಹಾಕುತ್ತದೆ ಎಂದು ಹೇಳಿದೆ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ತಮ್ಮ ಪ್ರತಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರಿಗೂ ಅದು ಅಲ್ಲಿಯವರೆಗೆ ಕಂಡಿರಲಿಲ್ಲ.

‘ಯಂತ್ರ ತಾನಾಗಿ ಬರೆಯುತ್ತೆ ಅಂದರೆ ಹೇಗಮ್ಮ? ತೋರಿಸು.’

ಎಲ್ಲರೂ ಯಂತ್ರದ ಸುತ್ತ ಬಂದು ನಿಂತರು. ಒಂದು ಸಾಲು ಟೈಪ್ ಮಾಡಿ, ಫೈಲಿಗೆ ಏನು ಹೆಸರಿಡಲಿ ಎಂದು ಅವರನ್ನೇ ಕೇಳಿದೆ. ರಾಗಿ ಎಂದರು. ಪಿ ಆರ್ ಹೊಡೆದು ಎಲ್ ಪಿಗೆ ದಾಟಿಸಿದೆ. ಪ್ರಿಂಟರು ಗುರ್ರೆಂದು ನಿಂತುಬಿಟ್ಟಿತು. ಕಾಗದದ ತೂತು ಚಕ್ರದ ಹಲ್ಲಿನಿಂದ ಜಾರಿತ್ತು. ಅದನ್ನು ಮತ್ತೆ ಕೂರಿಸಲು ನನ್ನ ಎರಡು ಕೈ ಸಾಲಲಿಲ್ಲ. ಕಲ್ಲಣ್ಣನೇ ಮುಂದೆ ಬಂದು ಕಾಗದದ ಅಂಚು ಹಿಡಿದುಕೊಂಡ. ಹಾಳೆ ಹೊರಗೆ ಬಂತು. ನೆತ್ತಿಯ ಮೇಲೆ ತಾರೀಕು, ರಾಗಿ, ಪುಟ ಒಂದು.

‘ಅಂದರೆ ಇಟ್ಟ ಹೆಸರನ್ನು ಅದು ಬರೆಯುತ್ತೆ’ ಎಂದರು ನ್ಯಾಯಾಧೀಶರು.

‘ಅದನ್ನೇ ನಾನೂ ಹೇಳೋದು ಸಾರ್’ ಎಂದು ಶ್ರೀಪತಿಯವರು ತಕ್ಷಣ ಬಾಯಿ ಹಾಕಿದರು. ‘ಯಂತ್ರದ ತಪ್ಪಲ್ಲ. ಕಳ್ಳ ಅಂತ ಹೆಸರಿಟ್ಟದ್ದು ಈಕೆ. ಕಚೇರಿಗೂ ಇದಕ್ಕೂ ಸಂಬಂಧ ಇಲ್ಲ. ಈಕೆ ಮೇಲೆ ಕ್ರಮ ತಗೋತೀನಿ. ಈಗ ವಿಚಾರಣೆ ಮುಗಿಸಿ.’

‘ನಾನು ಕಲ್ಲ ಅಂತ ಇಟ್ಟದ್ದು ಸಾರ್. ಎಲ್ಲರೂ ಕರೆಯೋ ಹೆಸರು.’

‘ಅದನ್ನು ಕಲ್ಲ ಅಂತಲೇ ಓದಬೇಕು ಅನ್ನೋದಕ್ಕೆ ಏನಿದೆ?’ ಎಂದು ನ್ಯಾಯಾಧೀಶರು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಉತ್ತರ ಬೇಕಿತ್ತು, ಅಷ್ಟೇ.

‘ಸಾರ್, ಮಿಲ್ಲಿನ ಹಿಂದೆ ನೀರಿನ ಕಟ್ಟೆ ಇದೆ. ಅದು ಬಿರುಕು ಬಿಟ್ಟಿದೆ, ರಿಪೇರಿಗೆ ಒಪ್ಪಿಗೆ ಕೊಡಿ ಅಂತ ಶ್ರೀಪತಿ ಸಾಹೇಬರು ಹೋದ ವಾರ ಕೊಯಮತ್ತೂರಿಗೆ ಕಾಗದ ಬರೆದರು. ಆ ಫೈಲಿಗೂ ನಾನೇ ಹೆಸರಿಟ್ಟೆ. ಅದೂ ಪಿ ಆರ್ ಆಗಿಯೇ ಹೋಗಿದೆ. ಪ್ರತಿ ಹಾಳೆಯ ಮೇಲೂ ಕೆ ಎ ಟಿ ಟಿ ಇ ಅಂತಿದೆ. ಕೆಳಗೆ ಸಾಹೇಬರ ಸಹಿ ಇದೆ.’

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಮಾದಪ್ಪನಿಗೆ. ಅವನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಹೊರಗೆ ಹೋದ. ನ್ಯಾಯಾಧೀಶರು ಆ ಅಕ್ಷರಗಳನ್ನು ತುಟಿಯಲ್ಲೇ ಜೋಡಿಸಿ ನೋಡಿದರು. ಆಮೇಲೆ ಶ್ರೀಪತಿಯವರ ಕಡೆ ತಿರುಗಿದರು.

‘ಸಹಿ ಹಾಕುವಾಗ ನೀವು ಅದನ್ನು ಏನೆಂದು ಓದಿದಿರಿ?’

ಶ್ರೀಪತಿಯವರ ಕಿವಿ ಕೆಂಪಾಗಿತ್ತು. ಅವರು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ‘ಕಟ್ಟೆ ಅಂತ’ ಎಂದರು.

‘ಬೇರೆ ರೀತಿಯೂ ಓದಬಹುದಲ್ಲವೇ?’

ಕತ್ತೆ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

‘ಹಾಗಾದರೆ ಇದನ್ನೂ ಕಲ್ಲ ಅಂತ ಓದೋಣ’ ಎಂದು ನ್ಯಾಯಾಧೀಶರು ಕುರ್ಚಿಗೆ ಹಿಂತಿರುಗಿದರು. ಹಳೆಯ ಹಾಳೆಗಳ ಮೇಲೆ, ಇದು ಫೈಲಿನ ಹೆಸರು, ತೀರ್ಪಲ್ಲ ಎಂದು ತಮ್ಮ ಕೈಯಿಂದಲೇ ಬರೆದು ಸಹಿ ಮಾಡಿದರು. ನೆತ್ತಿಯ ಸಾಲು ಇಲ್ಲದೆ ಪ್ರಿಂಟ್ ಕೊಡಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ಆಗುತ್ತದೆ, ಆಜ್ಞೆಗೆ ಒಂದು ಅಕ್ಷರ ಸೇರಿಸಿದರೆ ಸಾಕು ಎಂದೆ. ಅಷ್ಟರಲ್ಲಿ ಕಲ್ಲಣ್ಣ ಬಾಯಿ ಬಿಟ್ಟ.

‘ತೆಗಿಬ್ಯಾಡಿ ಸ್ವಾಮಿ. ಬರಿ ನೆತ್ತಿ ಬ್ಯಾಡ. ಎಸ್ರು ಆಕುಸ್ಬುಡಿ. ಪೂರ್ತಿ ಆಕ್ಲಿ.’

ಪಿ ಆರ್‌ನಲ್ಲಿ ಅದಕ್ಕೂ ದಾರಿಯಿತ್ತು. ಎಚ್ ಎಂದು ಹೇಳಿ ನಮಗೆ ಬೇಕಾದ ಮಾತು ಕೊಟ್ಟರೆ, ಫೈಲಿನ ಹೆಸರಿನ ಜಾಗದಲ್ಲಿ ಅದನ್ನೇ ಹಾಕುತ್ತದೆ. ಇಂಜಿನಿಯರು ಕೊಟ್ಟ ಹಾಳೆಯ ಕೊನೆಯಲ್ಲಿ ಅದು ಇತ್ತು, ನಾನು ಬಳಸಿರಲಿಲ್ಲ. ಅವತ್ತು ಬಳಸಿದೆ. ಕಲ್ಲಯ್ಯ, ನೂಲು ಸ್ಟೋರು ಎಂದು ಪೂರ್ತಿಯಾಗಿ, ಅಯ್ಯದ ಕೊನೆಯ ಅಕ್ಷರವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೊಡೆದೆ. ಆಮೇಲೆ ಅವನು ಸಹಿ ಹಾಕಿದ. ಅಲ್ಲೇ ಸಹಿಯಾದ್ದರಿಂದ ಆ ಹಾಳೆಗಳು ನ್ಯಾಯಾಧೀಶರ ಕಡತಕ್ಕೇ ಹೋದವು, ಅವನ ಮನೆಗೆ ಪ್ರತಿ ಹೋಗಲಿಲ್ಲ.

ಮಾದಪ್ಪನನ್ನು ಮತ್ತೆ ಕೂರಿಸಿದರು. ಕಲ್ಲಣ್ಣ ಕೈಕಟ್ಟಿ ನಿಂತು ಕೇಳಿದ.

‘ಮಾದಪ್ಪ, ನನ್ ಮಕ ಕಂಡ್ಯಾ?’

‘ಮಕ ಕಾಣ್ನಿಲ್ಲ ಕಣ್ಲಾ. ಬೆನ್ನು ಕಾಣ್ತು.’

‘ಬೆನ್ ಮೇಲೆ ನನ್ನೆಸ್ರು ಬರ್ದಿತ್ತಾ?’

ಮಾದಪ್ಪ ಟವೆಲ್ಲು ಹಿಂಡುತ್ತಾ ಕೂತ. ‘ಕಾಕಿ ಅಂಗಿ ಇತ್ತು. ಸ್ಟೋರ್ನವ್ರು ಅಂದ್ಕಂ ನಿನ್ನೆಸ್ರು ಯೋಳ್ಬುಟ್ಟಿ’ ಎಂದ. ಕಾಕಿ ಅಂಗಿ ಮಿಲ್ಲಿನ ಅರ್ಧ ಗಂಡಸರ ಮೈಮೇಲಿತ್ತು. ಮಾದಪ್ಪನ ಮೈಮೇಲೂ ಅದೇ ಇತ್ತು. ನ್ಯಾಯಾಧೀಶರು ಆ ಉತ್ತರವನ್ನು ನಿಧಾನವಾಗಿ ಎರಡು ಸಲ ಹೇಳಿ ಬರೆಸಿದರು. ನೂಲಿನ ಕಟ್ಟು ಯಾರು ಒಯ್ದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ.

ಶ್ರೀಪತಿಯವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕೊಯಮತ್ತೂರಿನವರಿಗೆ ಕಾರಣ ಬರೆಯಬೇಕಿತ್ತು, ಬರೆದರೆ ಕಟ್ಟೆಯ ಕಥೆ ಹೇಳಬೇಕಿತ್ತು. ಮಾತು ಮಾತ್ರ ಬಿಟ್ಟರು. ಎಷ್ಟೋ ವರ್ಷ ಚೀಟಿಯಲ್ಲೇ ಕೆಲಸ ಹೇಳಿ ಕಳಿಸುತ್ತಿದ್ದರು. ನನಗೆ ಅದರಿಂದ ನೆಮ್ಮದಿಯೇ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎದುರಿಗೆ ಬಂದವರು ಮುಖ ತಿರುಗಿಸಿಕೊಂಡು ಹೋಗುವ ಆಫೀಸಿನಲ್ಲಿ ದಿನವಿಡೀ ಕೂರುವುದು ಸುಲಭವಲ್ಲ. ಮುಂದೆ ಕಿಟಕಿ, ಬಣ್ಣ, ಮೌಸು ಇರುವ ಯಂತ್ರಗಳು ಬಂದವು, ಕನ್ನಡ ಅಕ್ಷರಗಳೂ ಬಂದವು. ಹಳೆಯ ಪ್ರಿಂಟರನ್ನು ಗುಜರಿಯವನು ಎತ್ತಿಕೊಂಡು ಹೋದ. ನನಗೇನೂ ಬೇಸರವಾಗಲಿಲ್ಲ.

ಅದೆಲ್ಲ ಆಮೇಲಿನ ಮಾತು. ವಿಚಾರಣೆಯ ತೀರ್ಮಾನ ಬರಲು ತಡವಾಯಿತು. ನ್ಯಾಯಾಧೀಶರು ಅದನ್ನು ನಮ್ಮ ಆಫೀಸಿನಲ್ಲೇ ಕೂತು ಬರೆಸಿದರು. ಹಾಗಾಗಿ ಒಳಗೆ ಏನಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಆಪಾದನೆ ಸಾಬೀತಾಗಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಿ ಎಂದಿತ್ತು. ಪ್ರತಿಯನ್ನು ಕೊಡುವವರೆಗೂ ವಿಷಯ ಹೊರಗೆ ಬಿಡಬಾರದು ಎಂದು ಶ್ರೀಪತಿಯವರ ಚೀಟಿ ಬಂತು. ಕಲ್ಲಣ್ಣನಿಗೆ ಹೇಳಿ ಕಳಿಸಿದರು. ಅವನು ಹರದನಹಳ್ಳಿಯಿಂದ ಬಂದು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ನಿಂತ. ಬಹಳ ಸೊರಗಿದ್ದ. ಶ್ರೀಪತಿಯವರು ಹಾಳೆಗಳನ್ನು ಚಾಚಿದರು. ಅವನು ಅದನ್ನು ತಂದು ನನ್ನ ಮುಂದೆ ಇಟ್ಟ.

‘ಓದಿ ಮಣ್ಯಮ್ಮ. ಮೇಲಿಂದ ಓದಿ.’

ನಾನು ಖುಷಿಯಿಂದ ಕೆಳಗಿನ ಸಾಲಿಗೇ ಹಾರಲು ಹೊರಟಿದ್ದೆ. ಅವನು ಹಾಳೆಯ ನೆತ್ತಿಯ ಮೇಲೆ ಬೆರಳು ಇಟ್ಟ. ತಾರೀಕು ಓದಿದೆ. ಆಮೇಲೆ ಹೆಸರು. ‘ಒಂದೊಂದ್ ಅಕ್ಸರ ಯೋಳಿ’ ಎಂದ. ಕೆ ಎ ಎಲ್ ಎಲ್ ಎ ಎಂದೆ. ಅವನ ಬೆರಳು ನಿಂತಿತು. ಐ ಎ ಎಚ್ ಎಂದೆ. ಕೊನೆಯ ಅಕ್ಷರದವರೆಗೂ ಬೆರಳು ಬಂತು. ಮುಂದಿನ ಹಾಳೆಗಳಲ್ಲೂ ಅದೇ ಜಾಗಕ್ಕೆ ಬೆರಳಿಟ್ಟು, ಎಲ್ಲದರಲ್ಲೂ ಅದೇ ಇದೆ ಎಂದು ನನ್ನ ಬಾಯಿಂದ ಕೇಳಿಸಿಕೊಂಡ. ಆಮೇಲೆ ಹಾಳೆಗಳನ್ನು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡು ಹೊರಟೇಬಿಟ್ಟ.

ನಾನು ಗೇಟಿನವರೆಗೂ ಓಡಿದೆ. ‘ಕಲ್ಲಣ್ಣ, ಕೆಳಗಡೆ ಏನದೆ ಅಂತ ಕೇಳ್ನಿಲ್ಲವಲ್ಲ ನೀನು’ ಎಂದೆ. ಹರದನಹಳ್ಳಿ ಕಡೆಯ ಬಸ್ಸು ತಿರುವಿನಲ್ಲಿ ಕಾಣುತ್ತಿತ್ತು. ಅವನು ಅದಕ್ಕೆ ಕೈ ಅಡ್ಡ ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

‘ಕೆಳ್ಗಡೆದು ನಾಳೆ ಯೋಳಿ ಕಣವ್ವ’ ಎಂದ. ‘ಮೊದ್ಲು ಮೇಲ್ಗಡೆದ್ನ ನಮ್ ರಾಜಿ ಓದ್ಲಿ.’